ಏಣಿ ಹಿಡಿಯುವಷ್ಟು ದಾರಿ

ಮೂರನೆಯ ಹುಕ್ಕು ಒಂದೆಳೆಯಷ್ಟು ಮೇಲೆ ಬಂದಿದೆ, ಯಾರ ಕಣ್ಣಿಗೂ ಬೀಳುವುದಿಲ್ಲ, ಸೆರಗಿನ ಕೆಳಗಿನ ಹುಕ್ಕನ್ನು ಯಾರು ಬಗ್ಗಿ ನೋಡುತ್ತಾರೆ, ಆದರೆ ತೊಟ್ಟವಳಿಗೆ ಎದೆಯ ಹತ್ತಿರ ಎಲ್ಲೋ ಒಂದು ಕಡೆ ಎಳೆದ ಹಾಗಾಗುತ್ತದೆ, ದಿನವಿಡೀ, ಯಾಕೆಂದು ಅವಳಿಗೂ ತಿಳಿಯುವುದಿಲ್ಲ — ಬಿಚ್ಚಲೋ ಬೇಡವೋ, ಬಿಚ್ಚಿದರೆ ಮತ್ತೆ ಸೂಜಿಗೆ ದಾರ ಪೋಣಿಸಬೇಕು, ಈಗೀಗ ಸೂಜಿಯ ಕಣ್ಣು ಕಾಣುವುದೇ ಇಲ್ಲ, ಬಾಗಿಲ ಬೆಳಕಿಗೆ ಹಿಡಿದು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಉಸಿರು ಹಿಡಿದು, ಬೇಡ, ಇರಲಿ ಬಿಡು, ಅಷ್ಟಕ್ಕೆಲ್ಲ ಯಾರು ಬಿಚ್ಚುತ್ತಾರೆ. ನವಿಲು ಬಣ್ಣದ ರೇಷ್ಮೆ ಬ್ಲೌಸು, ನೀಲಾಂಬಿಕಳದು, ಕೊಟ್ರೇಶನ ಹೆಂಡತಿ ನೀಲಾಂಬಿಕ, ಈ ವಾರ್ಡಿನಿಂದ ಪುರಸಭೆಗೆ ನಿಂತವಳು ಅವಳು, ಅವಳ ಎದುರು ನಿಂತವಳು ನಾನು, ಅವಳ ಬ್ಲೌಸಿಗೆ ಹುಕ್ಕು ಹಾಕುತ್ತಿರುವವಳೂ ನಾನೇ, ಶಿಕಾರಿಪುರದ ಈ ಓಣಿಯಲ್ಲಿ ಬೇರೆ ಟೇಲರ್ ಇಲ್ಲ, ಇದ್ದರೂ ಅವಳ ಎಡ ಭುಜ ಬಲಕ್ಕಿಂತ ತುಸು ತಗ್ಗು ಎಂಬುದು ನನಗಲ್ಲದೆ ಯಾರಿಗೆ ಗೊತ್ತು. ಇವತ್ತು ಮಧ್ಯಾಹ್ನ ಮೂರರವರೆಗೆ ನಾಮಪತ್ರ ವಾಪಸು ತೆಗೆದುಕೊಳ್ಳಬಹುದು, ಇವರು ಅಂಗಡಿ ಮುಚ್ಚಿ ಎರಡೂವರೆಗೆ ಬರುತ್ತೇನೆ ಎಂದಿದ್ದಾರೆ, ಬೈಕಿನಲ್ಲಿ ಪುರಸಭೆ ಆಫೀಸಿಗೆ ಕರೆದುಕೊಂಡು ಹೋಗುತ್ತಾರೆ, ಒಂದು ಸಹಿ, ಅಷ್ಟೇ, ಆಮೇಲೆ ಎಲ್ಲ ಮೊದಲಿನ ಹಾಗೆ — ನೀಲಾಂಬಿಕ ಗೆಲ್ಲುತ್ತಾಳೆ, ಕೊಟ್ರೇಶ ಮೆಂಬರ್ ಆಗುತ್ತಾನೆ, ನಾನು ಹುಕ್ಕು ಹಾಕುತ್ತೇನೆ. ಫ್ಯಾನು ನಿಂತಿದೆ, ಕರೆಂಟು ಹೋದದ್ದು ಯಾವಾಗಲೋ, ಕತ್ತಿನ ಹಿಂದೆ ಬೆವರು ಇಳಿಯುವುದು ಗೊತ್ತಾಗುತ್ತದೆ, ಒರೆಸಿಕೊಳ್ಳಲು ಕೈ ಏಳುವುದಿಲ್ಲ, ಎಷ್ಟು ಆಯಾಸ, ಒಂದೇ ಒಂದು ಮನೆಯ ಬಾಗಿಲಿಗೂ ಇನ್ನೂ ವೋಟು ಕೇಳಲು ಹೋಗಿಲ್ಲ, ಆಗಲೇ ಇಷ್ಟು ಆಯಾಸ.

ನಿನ್ನೆ ಸಂಜೆ ಕೊಟ್ರೇಶ ಬಂದಿದ್ದ, ಚಪ್ಪಲಿ ಹೊರಗೆ ಬಿಟ್ಟು ಬಂದ, ಅದು ಅವನ ಒಳ್ಳೆಯತನ, ಇಲ್ಲ ಎನ್ನುವ ಹಾಗಿಲ್ಲ, ಕುರ್ಚಿ ಕೊಟ್ಟರೂ ಮಂಚದ ತುದಿಗೆ ಕೂತು ಚಾ ಕುಡಿದ, ಏನಕ್ಕಾ, ನನ್ನ ಹೆಂಡ್ತಿ ಎದುರಿಗೇ ನಿಂತು ಬಿಟ್ರಲ್ರೀ, ಊರಾಗೆ ಜನ ನಗಾಕತ್ತಾರ, ಬ್ಲೌಸು ಬಿಗಿ ಹೊಲಿದು ಉಸಿರು ಕಟ್ಟಿಸಿ ಸೋಲಿಸ್ತೀರೇನು ಮತ್ತೆ, ಎಂದು ತಾನೇ ನಕ್ಕ, ಇವರೂ ನಕ್ಕರು, ಇವರು ಕೊಟ್ರೇಶ ನಕ್ಕಾಗಲೆಲ್ಲ ನಗುತ್ತಾರೆ, ಬಸ್ ಸ್ಟ್ಯಾಂಡ್ ಹತ್ತಿರದ ಇವರ ಮೋಟಾರು ರಿಪೇರಿ ಅಂಗಡಿಗೆ ಸುತ್ತಲಿನ ಹಳ್ಳಿಯ ಪಂಪ್‌ಸೆಟ್ಟುಗಳೆಲ್ಲ ಬರುವುದು ಅವನ ಪರಿಚಯದ ಮೇಲೇ. ಆಮೇಲೆ ಅವನು ನಗು ಇಳಿಸಿ ಅಂದ, ನೋಡ್ರಿ ಅಕ್ಕಾ, ನಿಮ್ಮ ಮನಸಿನಾಗೆ ಇರೋದು ಆ ಸಿಮಿಟ್ರಿ ದಾರಿ ತಾನೆ, ನನಗೆ ಗೊತ್ತಾಗಲ್ವೇನ್ರೀ, ನೀವು ವಾಪಸ್ ತಗೊಳ್ರಿ, ಈ ವಾರದಾಗೆ ಆ ಮೂಲೆ ಗೋಡೆ ಒಡಸ್ತೀನಿ, ನಿಮ್ಮ ಪೆಟ್ಟಿಗೆ ಆರಾಮ ತಿರುಗಬೇಕು ಅಷ್ಟು ಅಗಲ ಬಿಡ್ತೀನಿ, ದಾರಿ ಬಾಯಿಗೆ ಒಂದು ಕಬ್ಬಿಣದ ಗೇಟು, ಮೇಲೆ ಬೇಕಂದ್ರೆ ಶಿಲುಬೆ ಕೂರಿಸ್ಕೊಳ್ರಿ, ಬೀಗದ ಕೈ ನಿಮ್ಮ ಚರ್ಚಿನ ಅಯ್ಯನೋರ ಕೈಗೇ ಕೊಡ್ತೀನಿ, ಕುರಿ ಗಿರಿ ನುಗ್ಗಂಗಿಲ್ಲ, ಕುಡುಕರು ಕೂರಂಗಿಲ್ಲ, ನಿಮ್ಮೋರು ನೆಮ್ಮದಿಯಿಂದ ಮಲಗಿರ್ತಾರೆ, ಮೆಂಬರ್ ಆಗಿ ಇದಕ್ಕಿಂತ ಹೆಚ್ಚಿಂದೇನು ಮಾಡ್ತಿದ್ರಿ ಹೇಳ್ರಿ. ಇವರ ಕಣ್ಣು ತುಂಬಿ ಬಂತು, ನಾನು ನೋಡಿದೆ, ಲೋಟ ಎತ್ತಿಕೊಳ್ಳುವ ನೆವದಲ್ಲಿ ಒಳಗೆ ಹೋದರು. ಅವನು ಹೋದ ಮೇಲೆ ಅಂದರು, ಕೇಳಿದ್ದು ಸಿಕ್ಕಿತಲ್ಲ, ಇನ್ನೇನೇ. ನಾನು ಹೂಂ ಅಂದೆ. ಹೂಂ ಅನ್ನದೆ ಇರಲು ನನ್ನ ಹತ್ತಿರ ಏನಿತ್ತು, ಕೇಳಿದ್ದು ಸಿಕ್ಕಿದೆ, ನಿಜ, ಹಾಗಾದರೆ ಈ ಎಳೆಯುವುದು ಯಾಕೆ, ಎಲ್ಲಿ ಎಳೆಯುತ್ತಿದೆ, ಎಷ್ಟನೆಯ ಹುಕ್ಕು.

ನಮ್ಮವರ ಸಮಾಧಿ ಜಾಗಕ್ಕೆ ಹೋಗುವ ಆ ದಾರಿ ಮೊದಲು ಬಂಡಿ ಹೋಗುವಷ್ಟು ಇತ್ತು, ನಾನು ಮದುವೆಯಾಗಿ ಈ ಊರಿಗೆ ಬಂದಾಗ ಎರಡೂ ಕಡೆ ಲಕ್ಕಿ ಗಿಡದ ಬೇಲಿ, ಒಂದು ಕಡೆ ಅಕ್ಕಿ ಗಿರಣಿಯ ಗೋಡೌನು, ಇನ್ನೊಂದು ಕಡೆ ಬೀಳು ಹೊಲ, ಆ ಹೊಲವನ್ನು ಕೊಟ್ರೇಶ ಕೊಂಡು ಸೈಟು ಮಾಡಿದ, ಕಾಂಪೌಂಡು ಏರಿತು, ದಾರಿ ಸಣ್ಣಗಾಯಿತು, ಗೋಡೌನಿನ ಮೂಲೆಗೆ ಬರುವಾಗ ಮೊಣಕೈ ಮಡಿಸಿದ ಹಾಗೆ ಒಂದು ತಿರುವು. ನಮ್ಮ ಚರ್ಚಿನ ಸಭೆಯ ಹಿರಿಯರು ಹೋಗಿ ಕೇಳಿದರು, ಕೇಳಿದರು ಎಂದರೆ ಏನು, ಕೈ ಕಟ್ಟಿ ನಿಂತುಕೊಂಡರು, ಸಾರ್ ನಮ್ಮ ಹೆಣ ಹೋಗಬೇಕಲ್ಲ ಎಂದರು, ಅಯ್ಯೋ ಅದಕ್ಕೇನ್ರೀ, ಅಳತೆ ನೋಡೇ ಬಿಡೋಣ ಎಂದು ಕೊಟ್ರೇಶ ಅಲ್ಲೇ ಸಾರಣೆ ಮಾಡುತ್ತಿದ್ದ ಕೂಲಿಯವರನ್ನು ಕರೆದು ಬಿದಿರಿನ ಏಣಿ ಹೊರಿಸಿದ, ಏಣಿ ಅಂದ್ರೆ ಚಟ್ಟ ಇದ್ದಂಗೇ, ಏಣಿ ಹೋದ್ರೆ ನಿಮ್ಮೋರೂ ಹೋದಂಗೇ. ಹಿಂದೊಬ್ಬ ಮುಂದೊಬ್ಬ ಏಣಿ ಹೊತ್ತು ನಡೆದರು, ತಿರುವಿನಲ್ಲಿ ಸಿಕ್ಕಿಕೊಂಡಿತು, ಕೂಲಿಯವರಿಗೆ ಅದೇನು ಹೊಸದೇ, ಏಣಿಯನ್ನು ಎತ್ತಿ ನೆಟ್ಟಗೆ ಮಾಡಿ ಆಚೆಗೆ ತಿರುಗಿಸಿ ಮತ್ತೆ ಹೆಗಲ ಮೇಲೆ ಮಲಗಿಸಿಕೊಂಡು ಹೋದರು, ಹೋಯ್ತು ನೋಡ್ರಿ ಎಂದ ಕೊಟ್ರೇಶ, ಎಲ್ಲರೂ ನಕ್ಕರು, ನಮ್ಮ ಹಿರಿಯರು ಸಾಕು ಸಾರ್ ಸಾಕು, ದೊಡ್ಡ ಮನಸ್ಸು ನಿಮ್ಮದು ಎಂದರು, ಅಲ್ಲೇ ತಿರುವಿನಲ್ಲೇ ನಿಂತು ಕೃತಜ್ಞತೆಯ ಪ್ರಾರ್ಥನೆ ಮಾಡಿದರು, ಕೊಟ್ರೇಶನೂ ಚಪ್ಪಲಿ ಬಿಟ್ಟು ಕಣ್ಣು ಮುಚ್ಚಿ ನಿಂತಿದ್ದನಂತೆ. ಇವರೂ ಅಲ್ಲಿದ್ದರು, ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಖುಷಿಯಿಂದ ಹೇಳಿದರು, ಅತ್ತೆ ಆಗ ಬದುಕಿದ್ದರು, ಅನ್ನ ಕಲಸುತ್ತಾ ಕೇಳಿಸಿಕೊಂಡರು, ನಮ್ಮದು ಚಟ್ಟ ಅಲ್ಲವಲ್ಲೋ ಮಗ, ಪೆಟ್ಟಿಗೆ, ಎಂದರು. ಅಷ್ಟು ಗಂಡಸರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲವೋ, ಹೊಳೆದರೂ ಅಷ್ಟು ಒಳ್ಳೆಯ ಮಾತಾಡುವ ಮನುಷ್ಯನ ಎದುರಿಗೆ ಹೇಗೆ ಹೇಳುವುದು ಎಂದು ಸುಮ್ಮನಾದರೋ, ಸುಮ್ಮನಾಗುವುದು ನಮಗೆ ಬಂದಷ್ಟು ಚೆನ್ನಾಗಿ ಬೇರೆ ಯಾರಿಗೆ ಬರುತ್ತದೆ.

ಅತ್ತೆ, ಸಮಾಧಾನಮ್ಮ, ಹೆಸರಿಗೆ ತಕ್ಕ ಹಾಗೆ ಇದ್ದವರು ಎಂದು ಸಂಸ್ಕಾರದ ದಿನ ಅಯ್ಯನವರು ಹೇಳಿದರು, ಇರಲಿಲ್ಲ, ಬಾಯಿ ಜೋರು, ನನಗೆ ಬೈಯದ ದಿನವಿಲ್ಲ, ಸೊರಬದೋಳು ಬಂದ್ಲು, ನೀರಿನಂತ ಸಾರು ಮಾಡ್ತಾಳೆ, ಆದರೆ ಕೊನೆಯ ವರ್ಷ ನನ್ನ ಕೈಯಿಂದಲ್ಲದೆ ಯಾರ ಕೈಯಿಂದಲೂ ತಿನ್ನಲಿಲ್ಲ. ಸಭೆಯಲ್ಲಿ ಯಾರು ತೀರಿಕೊಂಡರೂ ಪೆಟ್ಟಿಗೆಗೆ ಒಳಬಟ್ಟೆ ಹಾಕುವುದು ನಾನು, ಬಡಗಿ ಹಲಗೆ ಹೊಡೆದು ಕಳಿಸುತ್ತಾನೆ, ಒಳಗೆ ಬಿಳಿ ಬಟ್ಟೆ, ಅಂಚಿಗೆ ನೆರಿಗೆ, ತಲೆಯ ಕಡೆ ಸಣ್ಣ ದಿಂಬು, ಎರಡು ಪಕ್ಕಕ್ಕೆ ಹತ್ತಿ ತುಂಬುತ್ತೇವೆ, ಕಾಲಿನ ಕಡೆ ಏನೂ ಇಡುವುದಿಲ್ಲ, ಯಾಕೆ ಇಡಬೇಕು, ಮಲಗಿದವರು ಮಲಗಿರುತ್ತಾರೆ, ಹಾಗೇ ಕಲಿತದ್ದು, ನನಗೆ ಕಲಿಸಿದವರೂ ಅತ್ತೆಯೇ. ಅತ್ತೆಯನ್ನು ಕಳಿಸುವ ಆ ದಿನ ಮನೆಯಿಂದ ಹಾಡುತ್ತಾ ಹೊರಟೆವು, ಆರು ಜನ ಹೊತ್ತಿದ್ದರು, ದಾರಿಯ ಬಾಯಿಗೆ ಬಂದಾಗ ಆರು ಜನ ಹಿಡಿಸಲಿಲ್ಲ, ಎರಡೂ ಬದಿಯವರು ಬಿಟ್ಟರು, ಹಿಂದೆ ಮುಂದೆ ಹಿಡಿದವರು ಏದುಸಿರು ಬಿಡುತ್ತಾ ನಡೆದರು, ಹಾಡು ಉದ್ದಕ್ಕೆ ಹಿಂದುಳಿಯಿತು, ಸಾಲಾಗಿ ಒಬ್ಬರ ಹಿಂದೆ ಒಬ್ಬರು, ತಿರುವಿನಲ್ಲಿ ನಿಂತಿತು. ಆ ಕಡೆ ಸರಿಸಿದರು, ಈ ಕಡೆ ಸರಿಸಿದರು, ಗೋಡೆಗೆ ಹಲಗೆ ಉಜ್ಜಿತು, ಕರಿ ಬಟ್ಟೆಯ ಮೇಲಿನ ಶಿಲುಬೆ ಸಿಮೆಂಟಿಗೆ ಸಿಕ್ಕಿ ಒಂದು ಕಡೆ ಕಿತ್ತು ಬಂತು, ನಾನು ಹೊಲಿದ ಶಿಲುಬೆ, ಯಾರೋ ಎತ್ರಪ್ಪಾ ಎತ್ರಿ, ನೆಟ್ಟಗೆ ಮಾಡ್ರಿ ಎಂದರು, ಇವರೇ ಎಂದದ್ದೋ, ಗೊತ್ತಿಲ್ಲ, ಪೆಟ್ಟಿಗೆಯನ್ನು ಎತ್ತಿ ತಲೆ ಮೇಲೆ, ಕಾಲು ಕೆಳಗೆ — ಹಾಡು ನಿಂತಿತ್ತು, ಗೋಡೌನಿನ ಒಳಗೆ ಪಾರಿವಾಳಗಳ ಗುಟುರು ಕೂಡ ಕೇಳುವಷ್ಟು ನಿಶ್ಶಬ್ದ, ಆಗ ಒಳಗೆ ಅತ್ತೆ ಜಾರಿದರು, ಬಟ್ಟೆ ಸವರಿದ ಸದ್ದು ಮೊದಲು, ಆಮೇಲೆ ಹಿಮ್ಮಡಿ ಹಲಗೆಗೆ ತಾಗಿದ್ದು, ಟಕ್ ಎಂದು. ಜೋರೇನೂ ಅಲ್ಲ. ಅತ್ತೆ ಬೆಳಗ್ಗೆ ಹೊರಗಿನಿಂದ ಬಂದು ಚಪ್ಪಲಿ ಬಿಡುವಾಗ ಕೇಳುತ್ತಿದ್ದಷ್ಟೇ. ಯಾರ ಮುಖವನ್ನೂ ಯಾರೂ ನೋಡಲಿಲ್ಲ. ಇವರು ಆ ಸದ್ದಿನ ಬಗ್ಗೆ ಈವರೆಗೆ ಒಂದು ಮಾತು ಆಡಿಲ್ಲ, ನಾನೂ ಆಡಿಲ್ಲ, ಮಲಗಿದಾಗ ಇವರೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಬೆನ್ನು ನೋಡಿದರೆ ಗೊತ್ತಾಗುತ್ತದೆ. ಅದಾದ ಮೇಲೆ ಎಲ್ಲ ಪೆಟ್ಟಿಗೆಯಲ್ಲೂ ಕಾಲಿನ ಕಡೆ ಒಂದು ದಪ್ಪ ಸುರುಳಿ ಬಟ್ಟೆ ಇಡುತ್ತೇನೆ, ಯಾರೂ ಯಾಕೆ ಎಂದು ಕೇಳಿಲ್ಲ.

ನಾಲ್ಕನೆಯ ಹುಕ್ಕು. ಯಾಕೆ ನಿಂತೆ ಎಂದು ಮಾತ್ರ ಎಲ್ಲರೂ ಕೇಳುತ್ತಾರೆ. ಅಯ್ಯನವರು, ರೋಜಮ್ಮ, ಈ ಭಾನುವಾರ ಸಭೆಯ ಮುಂದೆ ಸಾಕ್ಷಿ ಹೇಳಿ, ಕರ್ತನು ನಿಮ್ಮನ್ನು ಹೇಗೆ ಕರೆದನು ಎಂದು, ಒಂದು ವಾಕ್ಯ ಆರಿಸಿಕೊಳ್ಳಿ, ಜನಕ್ಕೆ ಬಲ ಬರುತ್ತದೆ, ಎಂದರು, ಒಳ್ಳೆಯ ಮನುಷ್ಯ, ಪ್ರಾಯ ಚಿಕ್ಕದು, ಎಲ್ಲದರಲ್ಲೂ ಕರೆ ಕೇಳಿಸುತ್ತದೆ ಅವರಿಗೆ, ನನಗೆ ಕೇಳಿಸಿದ್ದು ಒಂದು ಟಕ್, ಅದನ್ನು ಪೀಠದ ಹತ್ತಿರ ನಿಂತು ಹೇಗೆ ಹೇಳಲಿ, ಪ್ರಿಯ ಸಭೆಯವರೇ, ನನ್ನ ಅತ್ತೆಯ ಹಿಮ್ಮಡಿ... ಚಾದಂಗಡಿಯಲ್ಲಿ ಯಾರೋ ಇವರಿಗೆ ಕೇಳಿದರಂತೆ, ಏನ್ರೀ, ನಿಮ್ಮ ಮನೆಯೋರು ಮೆಂಬರ್ ಆಗಿ ಊರನ್ನೆಲ್ಲ ನಿಮ್ಮ ಜಾತಿಗೆ ಸೇರಿಸ್ತಾರಂತೆ, ಇವರು ನಕ್ಕು ಬಂದರು, ಮನೆಗೆ ಬಂದು ಊಟ ಮಾಡಲಿಲ್ಲ. ಊರನ್ನೆಲ್ಲ ಸೇರಿಸಿ ಎಲ್ಲಿ ಹೂಳುವುದು, ಇರುವವರಿಗೇ ದಾರಿ ಇಲ್ಲ. ಸೊರಬಕ್ಕೆ ಹೋಗಿ ಅಪ್ಪನಿಗೆ ಹೇಳಿದೆ, ಅಪ್ಪನ ಕಿವಿ ಮಂದವಾಗಿ ಎರಡು ಸಲ ಹೇಳಬೇಕಾಯಿತು, ಆಮೇಲೆ ಅಂದರು, ನಿಂಗೆ ಯಾಕೆ ಮಗಾ ಅದು. ಅಪ್ಪ ಸೊರಬದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು, ಆ ಪೇಟೆಯಲ್ಲಿ ನಮ್ಮವರದು ಬೆರಳೆಣಿಕೆಯ ಮನೆ, ಕ್ರಿಸ್ಮಸ್ ಹಾಡಿಗೆ ಹೊರಟಾಗ ಬಸ್ ಸ್ಟ್ಯಾಂಡ್ ಹತ್ತಿರ ಬಂದರೆ ಅಪ್ಪ ಕೈಯೆತ್ತಿ ಡೋಲಕ್ಕು ನಿಲ್ಲಿಸುತ್ತಿದ್ದರು, ನಾವು ನಾಲ್ಕು ಮನೆ, ಗದ್ದಲ ಮಾಡಬಾರ್ದು, ಯಾರೂ ನಮಗೆ ಏನೂ ಮಾಡಿರಲಿಲ್ಲ, ಹೇಳಿರಲಿಲ್ಲ, ಪಕ್ಕದ ಮನೆಯವರು ಹೋಳಿಗೆ ಕೊಡುತ್ತಿದ್ದರು, ನಾವು ಕೇಕು ಕೊಡುತ್ತಿದ್ದೆವು, ಆದರೂ ಅಪ್ಪನ ಕೈ ಏಳುತ್ತಿತ್ತು, ಆ ಎತ್ತಿದ ಕೈಯ ಕೆಳಗೇ ನಾನು ಬೆಳೆದದ್ದು, ಅದರ ಕೆಳಗೇ ಮದುವೆಯಾಗಿ ಇಲ್ಲಿಗೆ ಬಂದದ್ದು. ಆ ಕೈ ಇಳಿಸಬೇಕು ಎಂದು ನಿಂತೆನೇ, ಛೆ, ಅಷ್ಟು ದೊಡ್ಡ ಮಾತು ನನ್ನ ಬಾಯಿಗೆ ಹಿಡಿಸುವುದಿಲ್ಲ, ಸಿಟ್ಟಿಗೆ ನಿಂತೆನೋ, ಹೆಸರಿಗೆ ನಿಂತೆನೋ, ಗೋಡೆಯ ಮೇಲೆ ರೋಜಾ ಎಂದು ಬರೆದದ್ದನ್ನು ನೋಡಬೇಕೆಂದು ಎಲ್ಲೋ ಒಂದು ಮೂಲೆಯಲ್ಲಿ ಆಸೆ ಇತ್ತೇ, ಇದ್ದಿರಬೇಕು, ಹೊಲಿಗೆ ಮಿಷನ್ನಿನ ಗುರುತು ಕೊಡಿ ಎಂದು ಆಫೀಸಿನಲ್ಲಿ ಹೇಳುವಾಗ ಎದೆ ಹೊಡೆದುಕೊಂಡಿತಲ್ಲ, ಹುಡುಗಿಗೆ ಹೊಡೆದುಕೊಂಡ ಹಾಗೆ. ಕರ್ತನೇ, ನನ್ನನ್ನು ಪರೀಕ್ಷಿಸು ಎಂದು ಪ್ರಾರ್ಥನೆ ಮಾಡುವುದು ಸುಲಭ, ಪರೀಕ್ಷಿಸಿದವನು ಕೊಟ್ರೇಶ, ಚಾ ಕುಡಿಯುತ್ತಾ — ಇದೇ ತಾನೆ ಬೇಕಿದ್ದದ್ದು, ತಗೋ.

ನೀಲಾಂಬಿಕಳನ್ನು ಯಾರೂ ಕೇಳಿಲ್ಲ. ಬೆಳಗ್ಗೆ ಅಳತೆ ನೋಡಲು ಬಂದಿದ್ದಳು, ಬಾಗಿಲು ಹಾಕಿ ಬ್ಲೌಸು ತೊಟ್ಟು ಕನ್ನಡಿಯ ಮುಂದೆ ಎರಡು ಕೈ ಜೋಡಿಸಿ ತಲೆಯ ಮೇಲೆ ಎತ್ತಿದಳು, ಇಳಿಸಿದಳು, ಎತ್ತಿದಳು, ಏನೇ ನೀಲಾ ಇದು ಎಂದೆ, ಅಲ್ಲಕ್ಕಾ, ಮನೆ ಮನೆಗೆ ಹೋಗಿ ಕೈ ಮುಗೀಬೇಕಂತ, ಮುಗಿದು ಮುಗಿದು ಕಂಕುಳಾಗೆ ಹರಿದ್ರೆ ಏನ್ಮಾಡ್ಲಿ, ಒಂಚೂರು ಸಡಿಲ ಬಿಡ್ರಿ, ಎಂದಳು. ಇಬ್ಬರೂ ನಕ್ಕೆವು, ನಕ್ಕು ನಕ್ಕು ಅವಳಿಗೆ ಕೆಮ್ಮು ಬಂತು, ನೀರು ಕೊಟ್ಟೆ, ಕುಡಿದು ಲೋಟ ಹಿಡಿದುಕೊಂಡೇ ಕೂತಳು, ನಿಮಗೆ ಆಸೆ ಐತೇನಕ್ಕಾ ಮೆಂಬರ್ ಆಗಾಕೆ, ಎಂದು ಕೇಳಿದಳು, ಚುಚ್ಚಿ ಅಲ್ಲ, ನಿಜವಾಗಿ ತಿಳಿಯಬೇಕು ಎಂಬ ಹಾಗೆ, ಗೊತ್ತಿಲ್ಲ ಕಣೇ, ನಿಂಗೆ ಇದೆಯಾ ಎಂದೆ. ನನಗ್ಯಾರು ಕೇಳ್ಯಾರ್ರೀ, ಫೋಟೋ ಹೊಡಸ್ಕೋ ಬಾ ಅಂದ್ರು, ಹೋದೆ, ಗೆದ್ರೂ ಮೀಟಿಂಗಿಗೆ ಅವರೇ ಹೋಗ್ತಾರ, ನಂಗೆ ಈ ಬ್ಲೌಸು ಅಷ್ಟೇ, ಚಂದ ಹೊಲೀರಿ. ಎದ್ದು ಹೊರಟವಳು ಹೊಸ್ತಿಲಲ್ಲಿ ತಿರುಗಿ, ದನಿ ಇಳಿಸಿ, ನೀವು ವಾಪಸ್ ತಗೊಂಡ್ರೆ ನನಗೆ ಈ ಕೈ ಮುಗಿಯೋದೂ ತಪ್ಪುತ್ತಂತ, ಅವಿರೋಧ ಅಂತಾರಲ್ಲ, ಹಂಗಾಗುತ್ತಂತ, ಎಂದಳು, ಸಂತೋಷವೋ ಬೇಸರವೋ ಅವಳ ಮುಖದಲ್ಲಿ ಗೊತ್ತಾಗಲಿಲ್ಲ, ಹೊಸ ಬ್ಲೌಸು ತೊಟ್ಟು ಎಲ್ಲೂ ಹೋಗುವುದಿಲ್ಲ ಎಂದಾದರೆ ಮುಖ ಹೇಗಿರುತ್ತದೆಯೋ ಹಾಗಿತ್ತು. ಅವಳು ಹೋದ ಮೇಲೆ ಕಂಕುಳಲ್ಲಿ ಸಡಿಲ ಬಿಟ್ಟೆ, ಯಾಕೋ ಗೊತ್ತಿಲ್ಲ, ಕೈ ಎತ್ತುವ ಕೆಲಸವೇ ಇಲ್ಲದವಳಿಗೆ ಕೈ ಎತ್ತಲು ಬರುವ ಹಾಗೆ ಹೊಲಿದೆ.

ಯವ್ವಾ, ರೋಜವ್ವಾ, ಇದ್ದೀಯೇನೇ ಒಳಗೆ — ಗುಡ್ಡಮ್ಮನ ದನಿ, ಕುರಿಗಳ ವಾಸನೆ ದನಿಗಿಂತ ಮೊದಲು ಬಂತು, ಹಿಂದಿನ ಓಣಿಯ ಗುಡ್ಡಮ್ಮ, ಕುರಿ ಸಾಕಿದವಳು, ನನ್ನ ನಾಮಪತ್ರಕ್ಕೆ ಸೂಚಕಳಾಗಿ ಹೆಬ್ಬೆಟ್ಟು ಒತ್ತಿದವಳು, ನಮ್ಮ ಸಭೆಯವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಾಪತ್ರಯ, ಮಗನ ನೌಕರಿ, ಅಂಗಡಿಯ ಲೈಸೆನ್ಸು, ಕೊನೆಗೆ ಯಾರೂ ಮುಂದೆ ಬರದೆ ನಾನು ನಲ್ಲಿಯ ಹತ್ತಿರ ಸಪ್ಪೆ ಮೋರೆ ಹಾಕಿ ನಿಂತಾಗ, ಅದಕ್ಕೇನಾಗಬೇಕೇ, ನಾ ಒತ್ತುತೀನಿ ಬಾ ಎಂದು ಕೊಡ ಅಲ್ಲೇ ಬಿಟ್ಟು ಬಂದವಳು, ಯಾಕೆ ನಿಂತೀಯಾ ಎಂದು ಕೇಳಲಿಲ್ಲ, ಈ ಮಸಿ ಕೈಯಿಂದ ಹೋಗುತ್ತೋ ಇಲ್ಲೋ ಎಂದಷ್ಟೇ ಕೇಳಿದಳು. ಈಗ ಬಾಗಿಲಲ್ಲಿ ನಿಂತಿದ್ದಾಳೆ, ಹೆಗಲ ಮೇಲೆ ಒಂದು ಮರಿ, ಅದರ ಹಿಂಗಾಲು ಜೋತಾಡುತ್ತಿದೆ, ಒಂದು ತುಂಡು ಬಟ್ಟೆ ಕೊಡೇ, ಆ ಹಾಳು ಮೂಲೇಲಿ ಮತ್ತೆ ನೂಕ್ಯಾಡಿ ಗೋಡೆಗೆ ಸಿಕ್ಕಾಕಂತು ನೋಡು, ಒಂದೊಂದೇ ಹೋಗ್ರೇ ಅಂದ್ರೆ ಕುರಿ ಕೇಳ್ತಾವೇನೇ, ಹಿಂದಿಂದು ಮುಂದಿಂದರ ಮೇಲೆ ಹತ್ತುತ್ತೆ, ಕೆರೆ ಬಯಲಿಗೆ ಹೋಗಾಕೆ ಬೇರೆ ದಾರಿ ಎಲ್ಲೈತೆ, ಮುಂಚೆ ಬಂಡಿನೇ ಹೋಗ್ತಿತ್ತು, ಬಂಡಿ. ಕೈಗೆ ಸಿಕ್ಕಿದ್ದು ಬಿಳಿ ಬಟ್ಟೆಯ ತುಂಡು, ಹೋದ ತಿಂಗಳು ಪೆಟ್ಟಿಗೆಗೆ ಹಾಕಿ ಉಳಿದದ್ದು, ಕೊಡಲೋ ಬೇಡವೋ ಎಂದು ಒಂದು ಕ್ಷಣ, ಕೊಟ್ಟೆ, ಅವಳು ಹೊಸ್ತಿಲ ಮೇಲೆ ಕೂತು ಮರಿಯನ್ನು ತೊಡೆಯ ನಡುವೆ ಒತ್ತಿ ಕಡ್ಡಿ ಇಟ್ಟು ಬಿಗಿದು ಕಟ್ಟಿದಳು, ಮರಿ ಒಂದು ಸಲ ಕಿರುಚಿ ಸುಮ್ಮನಾಯಿತು, ಚಲೋ ಬಟ್ಟೆ ಕಣೇ, ಮೆತ್ತಗೈತೆ, ಎಂದಳು. ಆಮೇಲೆ ಹೊಲಿಯುತ್ತಿದ್ದ ಬ್ಲೌಸಿನ ಕಡೆ ಗದ್ದ ತೋರಿಸಿ, ಇದು ಆಯಮ್ಮಂದೇನೇ, ಹುಕ್ಕು ಸಡಿಲ ಹಾಕು, ಭಾಷಣದಾಗೆ ಉದುರಲಿ, ಎಂದು ಬೊಚ್ಚು ಬಾಯಲ್ಲಿ ನಕ್ಕಳು, ಥೂ ಸುಮ್ನಿರು ಅಜ್ಜಿ ಎಂದೆ, ನಗು ತಡೆಯಲಾಗಲಿಲ್ಲ. ನೀ ಗೆದ್ದ ಮೇಲೆ ಮೊದಲು ಆ ಮೂಲೆ ಒಡಸವ್ವಾ, ನಿಮ್ಮೋರಿಗೂ ಆತು, ನನ್ನ ಕುರಿಗೂ ಆತು, ಎಂದು ಎದ್ದಳು, ಹೇ ಹೇ ಎಂದು ಕುರಿಗಳನ್ನು ಕೂಗುತ್ತಾ ಹೋದಳು, ಅವಳ ಹೆಗಲ ಮೇಲೆ ಬಿಳಿ ಕಾಲು ಜೋತಾಡುತ್ತಾ ತಿರುವಿನಲ್ಲಿ ಮರೆಯಾಯಿತು, ಅವಳಿಗೆ ನಿನ್ನೆ ಸಂಜೆಯ ಮಾತು ಗೊತ್ತಿಲ್ಲ, ನಾನು ಹೇಳಲಿಲ್ಲ, ವಾಪಸು ತೆಗೆದುಕೊಳ್ಳುತ್ತಿದ್ದೇನೆ ಎನ್ನಲು ಬಾಯಿ ತೆರೆದೆ, ನಾಲಿಗೆಯ ಮೇಲೆ ದಾರದ ಎಳೆ ಇತ್ತು, ಉಗುಳಿದೆ.

ಗೇಟು. ಕಬ್ಬಿಣದ ಗೇಟು, ಮೇಲೆ ಶಿಲುಬೆ, ಬೀಗದ ಕೈ ನಿಮ್ಮ ಅಯ್ಯನೋರ ಕೈಗೆ, ಕುರಿ ಗಿರಿ ನುಗ್ಗಂಗಿಲ್ಲ — ನಿನ್ನೆ ಕೇಳಿಸಿಕೊಂಡೆ, ಹೂಂ ಅಂದೆ, ನಮಗೆ ಎಷ್ಟು ಮರ್ಯಾದೆ ಎಂದು ಇವರ ಕಣ್ಣು ತುಂಬಿದ್ದನ್ನು ನೋಡಿದೆ, ಆ ಮಾತಿನಲ್ಲಿ ಗುಡ್ಡಮ್ಮ ಇದ್ದಾಳೆ ಎಂದು ನನಗೆ ಹೊಳೆಯಲೇ ಇಲ್ಲವಲ್ಲ, ಕೊಟ್ರೇಶನಿಗೂ ಹೊಳೆದಿರಲಿಕ್ಕಿಲ್ಲ, ಅವನು ಕೆಟ್ಟವನಲ್ಲ, ಕೈ ತುಂಬ ಕೊಡುವವನು, ಆದರೆ ಅವನು ಕೊಡುವುದು ಏಣಿ ಹಿಡಿಯುವಷ್ಟು, ಅಥವಾ ಪೆಟ್ಟಿಗೆ ಹಿಡಿಯುವಷ್ಟು, ಕೊಟ್ಟವನು ಅವನೇ ಆಗಿರಬೇಕು ಅಷ್ಟೇ, ದಾರಿ ಎಂದು ಹೇಳುವುದಿಲ್ಲ, ನಿಮ್ಮ ದಾರಿ ಎನ್ನುತ್ತಾನೆ. ನಮ್ಮವರು ಒಬ್ಬರ ಹಿಂದೊಬ್ಬರು ಸತ್ತಾಗ ಬೀಗ ತೆಗೆಯುತ್ತೇವೆ, ಹಾಡುತ್ತೇವೆ, ಹೂಳುತ್ತೇವೆ, ಬೀಗ ಹಾಕುತ್ತೇವೆ, ಹೊರಗೆ ಗುಡ್ಡಮ್ಮ ಕುರಿ ಕಟ್ಟಿಕೊಂಡು ಟಾರು ರಸ್ತೆಯಲ್ಲಿ ಲಾರಿಗಳ ನಡುವೆ ಸುತ್ತು ಹಾಕುತ್ತಾಳೆ, ಶಿಲುಬೆಯ ಕೆಳಗೆ ಬೀಗ, ಅದನ್ನು ಹಾಕುವವರು ನಾವು, ಅಲ್ಲೇ ನಿಂತು ಕೃತಜ್ಞತೆಯ ಪ್ರಾರ್ಥನೆಯನ್ನೂ ಮಾಡುತ್ತೇವೆ, ಮಾಡದೆ ಬಿಡುತ್ತೇವೆಯೇ. ಹೆಬ್ಬೆಟ್ಟು ಒತ್ತಿದವಳನ್ನು ಹೊರಗಿಟ್ಟು ಬೀಗ ಹಾಕಲು ಈ ಸಹಿ. ಇದು ಕರೆಯೋ, ಅಲ್ಲ ಎಂದುಕೊಳ್ಳುತ್ತೇನೆ, ಕರೆ ಎಂದರೆ ಮೈ ಬೆಚ್ಚಗಾಗಬೇಕಂತೆ, ನನಗೆ ಸೊಂಟ ನೋಯುತ್ತಿದೆ, ಸೋಲುತ್ತೇನೆ ಎಂದು ಗೊತ್ತು, ಸೋತ ಮೇಲೆ ಕೊಟ್ರೇಶ ಮೊದಲಿನ ಹಾಗೆ ನಗುವುದಿಲ್ಲ, ಇವರ ಅಂಗಡಿಗೆ ಮೋಟಾರು ಕಡಿಮೆಯಾಗುತ್ತದೆ, ಸಭೆಯ ಹಿರಿಯರು ನಮ್ಮ ಮನೆಗೆ ಬಂದು ತಗ್ಗಿದ ದನಿಯಲ್ಲಿ ಸಿಕ್ಕಿದ್ದನ್ನು ಕಳೆದ್ರಲ್ಲಮ್ಮ ಎನ್ನುತ್ತಾರೆ, ಆ ಮೂಲೆ ಹಾಗೇ ಇರುತ್ತದೆ, ಇನ್ನೂ ಎಷ್ಟು ಜನರನ್ನು ಅಲ್ಲಿ ಎತ್ತಿ ನೆಟ್ಟಗೆ ಮಾಡಬೇಕೋ, ನನ್ನನ್ನೂ. ಕಾಲ ಕಡೆ ಸುರುಳಿ ಇಡುವವರು ಯಾರು, ಯಾರಿಗೂ ಕಲಿಸಿಲ್ಲ. ಭಾನುವಾರ ಏನು ಹೇಳಲಿ, ಏನೂ ಹೇಳುವುದಿಲ್ಲ, ಗಂಟಲು ಸರಿಯಿಲ್ಲ ಎಂದರಾಯಿತು.

ಬೈಕಿನ ಸದ್ದು. ಸ್ಟ್ಯಾಂಡು ಹಾಕಿದರು, ಕೈ ತೊಳೆದುಕೊಂಡರು, ಗ್ರೀಸು ಹೋಗಲು ಸೋಪಿನ ಪುಡಿ ಹಾಕಿ ಉಜ್ಜುವ ಸದ್ದು, ಆಫೀಸಿಗೆ ಹೋಗಬೇಕೆಂದು ಇಸ್ತ್ರಿ ಅಂಗಿ ಹಾಕಿಕೊಂಡರು, ಬಾಗಿಲಲ್ಲಿ ನಿಂತು ಹೊರಡೋಣೇನೇ, ಹೊತ್ತಾಯ್ತು, ಎಂದರು. ಇದೊಂದು ಹುಕ್ಕು, ಎಂದೆ. ನಾಳೆ ಹಾಕಿದ್ರಾಗಲ್ವೇನೇ. ನೀಲಾಂಬಿಕ ಸಂಜೆ ಬರ್ತಾಳೆ, ಕೂತ್ಕೊಳ್ರಿ, ಈಗ ಆಯ್ತು. ಕೂತರು, ಮಂಚದ ತುದಿಯಲ್ಲಿ, ನಿನ್ನೆ ಅವನು ಕೂತಿದ್ದ ಜಾಗದಲ್ಲೇ, ಮೊಣಕಾಲ ಮೇಲೆ ಎರಡು ಕೈ ಇಟ್ಟು, ಅವರ ಅಮ್ಮನ ಹಾಗೆಯೇ ಕೂರುತ್ತಾರೆ, ಪಾಪ, ಎಷ್ಟು ದಣಿದಿದ್ದಾರೆ. ಕೊನೆಯ ಹುಕ್ಕಿನ ಗಂಟು ಹಾಕಿ ದಾರ ಕಡಿದೆ, ಮುಗಿದಿತ್ತು, ಬ್ಲೌಸನ್ನು ಮಡಿಸಬೇಕಿತ್ತು, ಮಡಿಸಲಿಲ್ಲ, ಮೂರನೆಯದು ಒಂದೆಳೆಯಷ್ಟು ಮೇಲೆ ಬಂದಿದೆಯಲ್ಲ, ಬ್ಲೇಡು ತೆಗೆದುಕೊಂಡು ಅದನ್ನು ಬಿಚ್ಚಿದೆ, ಮೂರನೆಯದು ಬಿಚ್ಚಿದ ಮೇಲೆ ಎರಡನೆಯದೂ ಅದಕ್ಕೆ ಸರಿಯಿಲ್ಲ ಎಂದು ಕಂಡಿತು, ಬಿಚ್ಚಿದೆ, ಮೊದಲನೆಯದು, ನಾಲ್ಕನೆಯದು, ಎಲ್ಲ, ಒಂದೊಂದೇ ಹುಕ್ಕು ಸ್ಟೀಲು ಬಟ್ಟಲಿಗೆ ಬೀಳುತ್ತಿವೆ, ಇವರು ಗೋಡೆ ಗಡಿಯಾರ ನೋಡಿ ನನ್ನ ಕೈ ನೋಡಿ ಮತ್ತೆ ಗಡಿಯಾರ ನೋಡಿದರು. ಸೂಜಿಯನ್ನು ಬೆಳಕಿಗೆ ಹಿಡಿದೆ, ಒಂದು ಕಣ್ಣು ಮುಚ್ಚಿದೆ, ದಾರದ ತುದಿ ಒದ್ದೆ ಮಾಡಿ, ಉಸಿರು ಹಿಡಿದು, ಅವಸರವಿಲ್ಲ, ಮೊದಲನೆಯದರಿಂದ ಮತ್ತೆ, ಸರಿಯಾಗಿ, ಗಡಿಯಾರದ ಮುಳ್ಳು ಮೂರರ ಕಡೆ ಸರಿಯುವುದು ಕೇಳುತ್ತದೆ, ಇವರು ಮಂಚದ ಮೇಲೆ ಅಲುಗದೆ ಕೂತಿದ್ದಾರೆ, ಗೋಡೌನಿನ ಕಡೆಯಿಂದ ಪಾರಿವಾಳಗಳ ಗುಟುರು, ಎತ್ತಿಕೊಂಡ ಹುಕ್ಕು ಕೈಜಾರಿ ಬಟ್ಟಲಿಗೆ ಬಿತ್ತು, ಟಕ್ ಎಂದು, ಇವರು ಬೆಚ್ಚಿ ನನ್ನ ಮುಖ ನೋಡಿದರು, ನಾನು ತಲೆ ಎತ್ತಲಿಲ್ಲ, ಬಟ್ಟೆ ಸವರಿದ ಸದ್ದು ಮೊದಲು, ಆಮೇಲೆ ಹಿಮ್ಮಡಿ, ಹಲಗೆಗೆ —